ನಿಮಗಿದು ಗೊತ್ತೇ? ಎಷ್ಟು ಸೀಟಿಗೆ ಎಷ್ಟು ಒತ್ತಡ?

ಕುಕ್ಕರಿನ ಸೀಟಿ ಒತ್ತಡದ ಅಳತೆಯೂ ಅಲ್ಲ, ಹೊತ್ತಿನ ಅಳತೆಯೂ ಅಲ್ಲ. ಒಳಗಿನ ಹಬೆ ತನ್ನ ಮೇಲೆ ಕೂತ ತೂಕವನ್ನು ಒಂದು ಸಲ ಎತ್ತಿತು ಎಂಬುದಷ್ಟೇ ಅದು ಕೊಡುವ ಸುದ್ದಿ. ಉರಿ ಜೋರಾಗಿದ್ದರೆ ಐದು ನಿಮಿಷದಲ್ಲಿ ಐದಾರು ಸೀಟಿ ಬರಬಹುದು, ಸಣ್ಣಗಿದ್ದರೆ ಅದೇ ಐದು ನಿಮಿಷಕ್ಕೆ ಒಂದೇ ಬರಬಹುದು. ಒಳಗಿನ ಬಿಸಿ ಎರಡೂ ಸಲ ಹೆಚ್ಚುಕಡಿಮೆ ಒಂದೇ. ಬೇಳೆ ಬೇಯಿಸುವಾಗ ಈ ಲೆಕ್ಕ ತಪ್ಪಿದರೆ ಇನ್ನೆರಡು ಸೀಟಿ ಹೊಡೆಸಿದರಾಯಿತು. ಆದರೆ ಹಲಗೇರಿ, ರಾಣೆಬೆನ್ನೂರು, ಬ್ಯಾಡಗಿ ಕಡೆಯ ಮನೆಗಳಲ್ಲಿ ಈಗ ಎಳೆ ಗೋವಿನಜೋಳದ ಕಾಳು, ಬೀನ್ಸು, ಹಸಿ ಶೇಂಗಾ ಇಂಥವನ್ನು ಗಾಜಿನ ಬಾಟಲಿಗೆ ತುಂಬಿ, ಒತ್ತಡದಲ್ಲಿ ಕಾಯಿಸಿ, ಗಟ್ಟಿ ಮುಚ್ಚಿ, ವರ್ಷವಿಡೀ ಇಟ್ಟುಕೊಳ್ಳಬಹುದೇ ಎಂದು ಕೇಳುವವರಿದ್ದಾರೆ. ಅಲ್ಲಿ ಒತ್ತಡದ ಲೆಕ್ಕ ತಪ್ಪುವುದೆಂದರೆ ಜೀವಕ್ಕೆ ಅಪಾಯ. ಈ ಸಲದ ಅಂಕಣವೆಲ್ಲ ಅದಕ್ಕೇ ಮೀಸಲು.

ಸೀಟಿಯ ಗುಂಡು ಅಷ್ಟು ಚಿಕ್ಕದಾಗಿದ್ದೂ ಅಷ್ಟು ಒತ್ತಡ ತಡೆಯುವುದು ಹೇಗೆ? ಲೆಕ್ಕ ಸರಳ. ತೂಕವನ್ನು ಅದರಡಿಯ ತೂತಿನ ವಿಸ್ತೀರ್ಣದಿಂದ ಭಾಗಿಸಿ. 100 ಗ್ರಾಂ ತೂಗುವ ಗುಂಡು ಸುಮಾರು 3.6 ಮಿಲಿಮೀಟರ್ ಅಗಲದ ತೂತಿನ ಮೇಲೆ ಕೂತರೆ ಚದರ ಸೆಂಟಿಮೀಟರಿಗೆ 1 ಕಿಲೋ ಒತ್ತಡವಾಗುವವರೆಗೆ ಅದು ಏಳುವುದಿಲ್ಲ. ಅದೇ ಗುಂಡನ್ನು ಅರ್ಧದಷ್ಟೇ ವಿಸ್ತೀರ್ಣದ ತೂತಿನ ಮೇಲಿಟ್ಟರೆ ಒಳಗೆ ಎರಡು ಕಿಲೋ ಒತ್ತಡವಾದರೂ ಅಲುಗಾಡದು. ಒಂದು ಕಂಪನಿಯ ಕುಕ್ಕರಿನ ಸೀಟಿಯನ್ನು ಇನ್ನೊಂದರ ಮೇಲೆ ಹಾಕಬಾರದು ಎನ್ನುವುದು ಇದಕ್ಕೇ. ಸಂತೆಯಲ್ಲಿ ಬಿಡಿ ಸೀಟಿ ಕೊಳ್ಳುವಾಗ ಕೂರುತ್ತದೆಯೇ ಎಂದಷ್ಟೇ ನೋಡಿದರೆ ಸಾಲದು.

20 ಸೆಂಟಿಮೀಟರ್ ಅಗಲದ ಮುಚ್ಚಳವನ್ನು 1 ಕಿಲೋ ಒತ್ತಡದ ಹಬೆ ಮೇಲಕ್ಕೆ ನೂಕುವ ಬಲ 300 ಕಿಲೋ ದಾಟುತ್ತದೆ. ಅಂದರೆ ಮೂರು ಕ್ವಿಂಟಲ್ ಮಾಲನ್ನು ಆ ಒಂದು ಮುಚ್ಚಳ ತಡೆದು ಹಿಡಿದಂತೆ. ಒತ್ತಡ ಪೂರ್ತಿ ಇಳಿಯದೆ ಹಿಡಿಯನ್ನು ಒತ್ತಾಯದಿಂದ ತಿರುಗಿಸಿದವರ ಕೈ, ಮುಖ ಸುಡುವುದು ಈ ಬಲದಿಂದ.

ತೂಕ ಇಟ್ಟು ಹಬೆಯನ್ನು ಹದದಲ್ಲಿಡುವ ಉಪಾಯಕ್ಕೆ ಮುನ್ನೂರು ವರ್ಷ ದಾಟಿದೆ. ಫ್ರೆಂಚ್ ವಿಜ್ಞಾನಿ ಡೆನಿ ಪಾಪಿನ್ 1679ರಲ್ಲಿ ಲಂಡನ್ನಿನಲ್ಲಿ ಮೂಳೆಯನ್ನೂ ಮೆತ್ತಗಾಗಿಸುವ ಮುಚ್ಚಿದ ಪಾತ್ರೆಯೊಂದನ್ನು ಮಾಡಿ ತೋರಿಸಿದ. ಅದು ಸಿಡಿಯದಂತೆ ಕಾಯಲು ಅವನು ಕೂರಿಸಿದ್ದೇ ತೂಕದ ವಾಲ್ವ್. 1682ರಲ್ಲಿ ರಾಯಲ್ ಸೊಸೈಟಿಯ ಸದಸ್ಯರು ಅದರಲ್ಲಿ ಬೇಯಿಸಿದ ಊಟ ಮಾಡಿದರು.

ಹಾಗಾದರೆ ಒತ್ತಡವೇ ಕ್ರಿಮಿ ಕೊಲ್ಲುತ್ತದೆಯೇ? ಇಲ್ಲ, ಕೊಲ್ಲುವುದು ಬಿಸಿ. ತೆರೆದ ಪಾತ್ರೆಯಲ್ಲಿ ನೀರು ಕುದಿಯಲು ಶುರುವಾದ ಮೇಲೆ ಎಷ್ಟೇ ಉರಿ ಕೊಟ್ಟರೂ ಅದರ ಬಿಸಿ ಏರುವುದಿಲ್ಲ. ಮುಚ್ಚಿ ಒತ್ತಡ ಕೊಟ್ಟರೆ ಮಾತ್ರ ಏರುತ್ತದೆ. ಸಮುದ್ರ ಮಟ್ಟದಲ್ಲಿ ಚದರ ಇಂಚಿಗೆ 15 ಪೌಂಡ್ ಒತ್ತಡವಿದ್ದರೆ ಹಬೆಯ ಬಿಸಿ 121 ಡಿಗ್ರಿ ಸೆಲ್ಸಿಯಸ್. ನಾವು 1 ಕಿಲೋ ಎನ್ನುವ ಒತ್ತಡ ಸುಮಾರು 14.2 ಪೌಂಡ್, ಹತ್ತಿರಹತ್ತಿರ ಅದೇ. ಆಸ್ಪತ್ರೆಯಲ್ಲಿ ಕತ್ತರಿ, ಸೂಜಿ, ಬಟ್ಟೆ ಶುದ್ಧಿ ಮಾಡುವ ಆಟೋಕ್ಲೇವ್ ಹಲವೆಡೆ ಕೆಲಸ ಮಾಡುವುದೂ ಇದೇ 15 ಪೌಂಡಿನಲ್ಲಿ.

ಬಾಟಲಿಗೆ ಇಷ್ಟು ಬಿಸಿ ಏಕೆ ಬೇಕು? ಕ್ಲಾಸ್ಟ್ರಿಡಿಯಂ ಬೊಟುಲಿನಂ ಎಂಬ ಬ್ಯಾಕ್ಟೀರಿಯಾಕ್ಕಾಗಿ. ಇದರ ಬೀಜಕಣಗಳು ಮಣ್ಣಿನಲ್ಲಿರುತ್ತವೆ, ತರಕಾರಿಯ ಜೊತೆ ಮನೆಗೆ ಬರುತ್ತವೆ. ಗಾಳಿಯಿದ್ದಲ್ಲಿ ತೆಪ್ಪಗಿರುತ್ತವೆ. ಗಾಳಿಯಿಲ್ಲದ, ಹುಳಿ ಕಡಿಮೆಯಿರುವ, ಒದ್ದೆ ಜಾಗ ಸಿಕ್ಕರೆ ಎದ್ದು ವಿಷ ಉಗುಳುತ್ತವೆ. ಗಟ್ಟಿಯಾಗಿ ಮುಚ್ಚಿದ ಬೀನ್ಸಿನ ಬಾಟಲಿ ಅದಕ್ಕೆ ಹೇಳಿ ಮಾಡಿಸಿದ ಮನೆ. ಈ ಬೀಜಕಣಗಳನ್ನು ನಂಬಬಹುದಾದಷ್ಟು ನಾಶ ಮಾಡಲು 121 ಡಿಗ್ರಿಯಲ್ಲಿ ಸುಮಾರು 3 ನಿಮಿಷ ಸಾಕು. ಆದರೆ ಬಿಸಿ 10 ಡಿಗ್ರಿ ಇಳಿದರೆ ಬೇಕಾಗುವ ಹೊತ್ತು ಹತ್ತು ಪಟ್ಟಾಗುತ್ತದೆ. ಹಲಗೇರಿ ಸುತ್ತಿನ ನೆಲ ಸಮುದ್ರ ಮಟ್ಟದಿಂದ ಸುಮಾರು 600 ಮೀಟರ್ ಮೇಲಿದೆ, ಇಲ್ಲಿ ನೀರು ಕುದಿಯುವುದು 98 ಡಿಗ್ರಿಗೆ. ಅದೇ ಲೆಕ್ಕ ಹಾಕಿದರೆ ಕುದಿಯುವ ನೀರಿನಲ್ಲಿ ಬಾಟಲಿ ಮುಳುಗಿಸಿಟ್ಟು ಅದೇ ಫಲ ಪಡೆಯಲು ಸುಮಾರು 10 ಗಂಟೆ ಬೇಕು. "ಎರಡು ತಾಸು ಚೆನ್ನಾಗಿ ಕುದಿಸಿದ್ದೇವಲ್ಲ" ಎಂಬ ಸಮಾಧಾನಕ್ಕೆ ಇಲ್ಲಿ ಜಾಗವೇ ಇಲ್ಲ. ಹುಳಿ ಕಡಿಮೆಯಿರುವ ತರಕಾರಿ, ಮಾಂಸಗಳಿಗೆ ಒತ್ತಡದ ವಿಧಾನವೊಂದೇ ಸುರಕ್ಷಿತ ಎಂದು ಅಮೆರಿಕದ ಕೃಷಿ ಇಲಾಖೆ 1917ರಲ್ಲೇ ಸಾರಿತು.

ಊರಿನ ಎತ್ತರಕ್ಕೂ, ಬಾಟಲಿಗಳನ್ನು ಒತ್ತಡದಲ್ಲಿ ಕಾಯಿಸುವ ದೊಡ್ಡ ಪಾತ್ರೆಯಾದ ಕ್ಯಾನರಿನ ಮೀಟರಿನ ಮುಳ್ಳಿಗೂ ಏನು ಸಂಬಂಧ? ಮೀಟರಾಗಲಿ ಗುಂಡಾಗಲಿ ತೋರಿಸುವುದು ಒಳಗಿನ ಒತ್ತಡ ಹೊರಗಿನ ಗಾಳಿಗಿಂತ ಎಷ್ಟು ಹೆಚ್ಚು ಎಂಬುದನ್ನು ಮಾತ್ರ. ಎತ್ತರ ಹೋದಂತೆ ಹೊರಗಿನ ಗಾಳಿಯೇ ತೆಳುವಾಗುವುದರಿಂದ ಅದೇ 10 ಪೌಂಡಿಗೆ ಮಂಗಳೂರಿನಲ್ಲಿ 115 ಡಿಗ್ರಿ ಸಿಕ್ಕರೆ ಹಲಗೇರಿಯಲ್ಲಿ ಸಿಗುವುದು 114. ಒಂದು ಡಿಗ್ರಿ ತಾನೇ ಎನ್ನಬೇಡಿ, ಅಷ್ಟಕ್ಕೇ ಬೀಜಕಣ ಸಾಯುವ ವೇಗ ಐದರಲ್ಲೊಂದು ಪಾಲು ಕುಗ್ಗುತ್ತದೆ. ಆದ್ದರಿಂದ ಅಮೆರಿಕದ ಕೋಷ್ಟಕಗಳ ಪ್ರಕಾರ 1000 ಅಡಿಗಿಂತ ಮೇಲಿನ ಊರುಗಳಲ್ಲಿ ಗುಂಡಿನ ಕ್ಯಾನರಿಗೆ 10ರ ಬದಲು 15 ಪೌಂಡಿನ ಗುಂಡು. ಮುಳ್ಳಿನ ಮೀಟರಿದ್ದರೆ ತರಕಾರಿಗೆ 2000 ಅಡಿವರೆಗೆ 11 ಪೌಂಡ್, ಅಲ್ಲಿಂದ 4000 ಅಡಿವರೆಗೆ 12. ರಾಣೆಬೆನ್ನೂರು ಭಾಗ ಈ 2000 ಅಡಿಯ ಗೆರೆಯ ಮೇಲೇ ಕೂತಿದೆ. ಅನುಮಾನವಿರುವಲ್ಲಿ 12 ಹಿಡಿಯುವುದೇ ಸರಿ. ಬೆಂಗಳೂರು, ಮಡಿಕೇರಿಯವರಿಗೂ 12.

ಮುಳ್ಳು ಸರಿಯಾದ ಅಂಕಿಯಲ್ಲೇ ನಿಂತಿದ್ದರೂ ಒಳಗಿನ ಬಿಸಿ ತಪ್ಪಿರಬಹುದು! ನನ್ನ ಪ್ರಕಾರ ಒತ್ತಡದ ಲೆಕ್ಕ ಕಲಿಯುವವರು ಮೊದಲು ತಿಳಿಯಬೇಕಾದದ್ದು ಇದು, ಕೊನೆಗೆ ತಿಳಿಯುವುದೂ ಇದೇ. ಮುಚ್ಚಳ ಹಾಕಿದಾಗ ಪಾತ್ರೆಯಲ್ಲಿ ನೀರು, ಬಾಟಲಿಗಳ ಜೊತೆ ಗಾಳಿಯೂ ಇರುತ್ತದೆ. ಆ ಗಾಳಿಯನ್ನು ಹೊರಗೆ ಕಳಿಸದೆ ಗುಂಡು ಕೂರಿಸಿದರೆ ಮೀಟರು ಗಾಳಿಯ ಒತ್ತಡವನ್ನೂ ಹಬೆಯ ಒತ್ತಡವನ್ನೂ ಕೂಡಿಸಿ ತೋರಿಸುತ್ತದೆ. ಬಿಸಿ ಎಷ್ಟು ಎಂಬುದನ್ನು ತೀರ್ಮಾನಿಸುವುದು ಮಾತ್ರ ಹಬೆಯ ಪಾಲು. ಒಳಗಿನ ಒಟ್ಟು ಒತ್ತಡ ವಾತಾವರಣದ ಎರಡರಷ್ಟಿದ್ದು, ಅದರಲ್ಲಿ ಕಾಲು ಪಾಲು ಗಾಳಿಯದಾಗಿದ್ದರೆ ಬಿಸಿ 120ರ ಬದಲು 112 ಡಿಗ್ರಿ ಆಸುಪಾಸಿನಲ್ಲೇ ನಿಲ್ಲುತ್ತದೆ. ಬೀಜಕಣಗಳ ನಾಶ ಏಳೆಂಟು ಪಟ್ಟು ನಿಧಾನವಾಗುತ್ತದೆ. ಮುಳ್ಳು ಇದನ್ನು ಹೇಳುವುದಿಲ್ಲ. ಪರಿಹಾರ ಒಂದೇ: ಗುಂಡು ಹಾಕದೆ ನೀರು ಕುದಿಸಿ, ತೂತಿನಿಂದ ಹಬೆ ಒಂದೇ ಸಮನೆ, ಬಿಗಿಯಾದ ಧಾರೆಯಾಗಿ ನುಗ್ಗಲು ಶುರುವಾದ ಮೇಲೆ ಗಡಿಯಾರ ನೋಡಿ ಪೂರ್ತಿ 10 ನಿಮಿಷ ಹಾಗೇ ಬಿಡಿ. ಆಮೇಲೆ ಗುಂಡು ಕೂರಿಸಿ. ನಮ್ಮ ಹಿರಿಯ ಹೆಣ್ಣುಮಕ್ಕಳು ಕುಕ್ಕರಿನಿಂದ ಹಬೆ ಚೆನ್ನಾಗಿ ಬಂದ ಮೇಲೆಯೇ ಸೀಟಿ ಹಾಕುತ್ತಿದ್ದರಲ್ಲ, ಆ ಪದ್ಧತಿಯ ಹಿಂದಿರುವುದೂ ಇದೇ ವಿಜ್ಞಾನ. ಅಡುಗೆಗೆ ಅರ್ಧ ನಿಮಿಷ ಸಾಕು, ಬಾಟಲಿಗೆ ಸಾಲದು.

ಮುಳ್ಳಿನ ಮೀಟರನ್ನು ವರ್ಷಕ್ಕೊಮ್ಮೆ ಪರೀಕ್ಷಿಸಬೇಕು. 2 ಪೌಂಡಿಗಿಂತ ಹೆಚ್ಚು ತಪ್ಪು ತೋರಿಸಿದರೆ ಮೀಟರನ್ನೇ ಬದಲಿಸಬೇಕು. ಗುಂಡಿಗೆ ಆ ಗೊಡವೆಯಿಲ್ಲ, ಅದರ ತೂಕ ಸವೆಯುವುದಿಲ್ಲ. ತೂತಿನಲ್ಲಿ ಕಸ ಕಟ್ಟಿರಬಾರದು ಅಷ್ಟೆ. ಪರೀಕ್ಷೆಯ ಸೌಲಭ್ಯ ಹತ್ತಿರವಿಲ್ಲದ ಊರಿಗೆ ಗುಂಡಿನ ಕ್ಯಾನರೇ ಒಳ್ಳೆಯದು.

ಗುಂಡು ಸರಿಯಾಗಿ ಆಡುತ್ತಿದೆ ಎಂದು ತಿಳಿಯುವುದು ಹೇಗೆ? ಕೆಲವು ತಯಾರಿಕೆಗಳಲ್ಲಿ ಗುಂಡು ನಿಮಿಷಕ್ಕೆ ಎರಡು ಮೂರು ಸಲ ಅಲುಗಿ ಹಬೆ ಬಿಡಬೇಕು, ಕೆಲವುಗಳಲ್ಲಿ ನಿಲ್ಲದೆ ಮೆಲ್ಲಗೆ ತೂಗಾಡುತ್ತಿರಬೇಕು. ನಿಮ್ಮದು ಯಾವುದು ಎಂಬುದು ಜೊತೆಗೆ ಬಂದ ಪುಸ್ತಕದಲ್ಲಿರುತ್ತದೆ. ಸುಮ್ಮನೆ ಕೂತಿದ್ದರೆ ಒತ್ತಡ ಸಾಲದು. ಎಡೆಬಿಡದೆ ಬುಸುಗುಟ್ಟುತ್ತಿದ್ದರೆ ಬಿಸಿಯೇನೂ ಏರಿರುವುದಿಲ್ಲ, ನೀರು, ಗ್ಯಾಸು ಎರಡೂ ಹಾಳು. ನೀರು ಪೂರ್ತಿ ಆರಿದರೆ ತಳ ಸುಟ್ಟು ಸೇಫ್ಟಿ ವಾಲ್ವ್ ಹಾರುತ್ತದೆ.

ಹೊತ್ತಿನ ಲೆಕ್ಕ ಶುರುವಾಗುವುದು ಒಲೆ ಹಚ್ಚಿದಾಗಲ್ಲ, ಗುಂಡು ಹಾಕಿದಾಗಲೂ ಅಲ್ಲ. ಬೇಕಾದ ಒತ್ತಡ ತಲುಪಿ ನಿಂತ ಕ್ಷಣದಿಂದ. ನಡುವೆ ಒಂದು ಸಲ ಒತ್ತಡ ಕೆಳಗಿಳಿದರೂ, ಅದು ಕೊನೆಯ ಐದು ನಿಮಿಷದಲ್ಲೇ ಆಗಿದ್ದರೂ, ಮತ್ತೆ ಏರಿಸಿ ಸೊನ್ನೆಯಿಂದ ಎಣಿಸಬೇಕು. ಸೌದೆ ಒಲೆ, ಹತ್ತಿಕಟ್ಟಿಗೆ, ಗೋವಿನಜೋಳದ ಬೆಂಡಿನ ಉರಿ ಈ ಕೆಲಸಕ್ಕೆ ಒಗ್ಗುವುದಿಲ್ಲ. ಆ ಉರಿ ಒಮ್ಮೆ ಭಗ್ಗೆಂದು ಏರುತ್ತದೆ, ಒಮ್ಮೆ ಕುಸಿಯುತ್ತದೆ. ಒತ್ತಡ ಹೀಗೆ ಏರಿಳಿದರೆ ಬಾಟಲಿಯೊಳಗಿನ ರಸ ಹೊರಗೆ ಚೆಲ್ಲಿ, ಮುಚ್ಚಳದ ಅಂಚಿಗೆ ಕಾಳು ಸಿಕ್ಕಿ ಬಿಗಿ ಕೂರುವುದೇ ಇಲ್ಲ.

ಅರ್ಧ ಲೀಟರಿನ ಅಳತೆಯ ಬಾಟಲಿಯಲ್ಲಿ ಬೀನ್ಸಿಗೆ 20 ನಿಮಿಷವಾದರೆ ಬಿಡಿ ಗೋವಿನಜೋಳದ ಕಾಳಿಗೆ 55 ನಿಮಿಷ. ಅದೇ ಕಾಳನ್ನು ಕೆನೆಯಂತೆ ಗಟ್ಟಿ ಮಾಡಿ ತುಂಬಿದರೆ 85. ಬೀನ್ಸಿನ ನಡುವೆ ನೀರು ಹರಿದಾಡಿ ಬಿಸಿಯನ್ನು ಬಾಟಲಿಯ ನಡುಮಧ್ಯಕ್ಕೆ ಒಯ್ಯುತ್ತದೆ, ಗಟ್ಟಿ ಪದಾರ್ಥದಲ್ಲಿ ಬಿಸಿ ತೆವಳಿಕೊಂಡು ಹೋಗುತ್ತದೆ. ಅದಕ್ಕೇ ಅರೆದ ಕುಂಬಳಕಾಯಿಯನ್ನು ಮನೆಯಲ್ಲಿ ಬಾಟಲಿಗೆ ತುಂಬಲೇಬಾರದು ಎಂಬ ಎಚ್ಚರಿಕೆಯಿದೆ. ಹಿಟ್ಟು ಹಾಕಿ ಕುದಿಸಿದ ಝುಣಕದಂಥ ಪದಾರ್ಥಕ್ಕೂ ಅದೇ ಮಾತು.

ಮನೆಯ ಮಾಮೂಲಿ ಐದು ಲೀಟರಿನ ಕುಕ್ಕರಿನಲ್ಲಿ ಇದನ್ನೆಲ್ಲ ಮಾಡಬಹುದೇ? ಬೇಡ. 15 ಪೌಂಡ್ ಒತ್ತಡ ಅದರಲ್ಲೂ ಬರುತ್ತದೆ, ನಿಜ. ಆದರೆ ಪರೀಕ್ಷಿಸಿ ಬರೆದ ನಿಮಿಷಗಳ ಲೆಕ್ಕದಲ್ಲಿ ದೊಡ್ಡ ಕ್ಯಾನರ್ ನಿಧಾನವಾಗಿ ಕಾಯುವ ಹೊತ್ತು, ನಿಧಾನವಾಗಿ ಆರುವ ಹೊತ್ತು ಎರಡೂ ಸೇರಿವೆ. ಆಗಲೂ ಬೀಜಕಣಗಳು ಸಾಯುತ್ತಿರುತ್ತವೆ. ತೆಳು ಕುಕ್ಕರ್ ಬೇಗ ಕಾದು ಬೇಗ ಆರುತ್ತದೆ, ಆ ಪಾಲು ಕೈತಪ್ಪುತ್ತದೆ. ಒಂದು ಲೀಟರಿನ ಹತ್ತಿರದ ನಾಲ್ಕು ಬಾಟಲಿಗಳಾದರೂ ನಿಲ್ಲುವ ಪಾತ್ರೆಯನ್ನು ಮಾತ್ರ ಕ್ಯಾನರ್ ಎಂದು ಒಪ್ಪುತ್ತಾರೆ. ಜಾಮು, ಕಾಫಿಪುಡಿ ಖಾಲಿಯಾದ ತೆಳು ಗಾಜಿನ ಬಾಟಲಿಗಳೂ ಇದಕ್ಕಲ್ಲ, ಒಳಗೇ ಒಡೆಯುತ್ತವೆ. ಒತ್ತಡ ಬೇಗ ಇಳಿಯಲಿ ಎಂದು ಕ್ಯಾನರಿನ ಮೇಲೆ ತಣ್ಣೀರು ಸುರಿಯುವುದು, ಗುಂಡು ಎತ್ತಿ ಹಬೆ ಬಿಡುವುದು ಕೂಡದು. ತಾನಾಗಿ ಸೊನ್ನೆಗೆ ಬರಲಿ, ಬಂದ ಮೇಲೂ ಹತ್ತು ನಿಮಿಷ ಕಾಯಿರಿ.

ಅಡುಗೆಯ ಕುಕ್ಕರಿನ ಮಾತು ಬಂತು, ಎರಡು ಸಂಗತಿ ಹೇಳಿಬಿಡುತ್ತೇನೆ. ಭಾರತದಲ್ಲಿ ಮನೆಬಳಕೆಯ ಕುಕ್ಕರಿಗೆ ಐ.ಎಸ್. 2347 ಎಂಬ ಮಾನದಂಡವಿದೆ, 2021ರ ಫೆಬ್ರುವರಿಯಿಂದ ಐ.ಎಸ್.ಐ. ಗುರುತಿಲ್ಲದ ಕುಕ್ಕರ್ ಮಾರುವಂತಿಲ್ಲ. ಮತ್ತೆ, ಪ್ರತಿ ಸಲ ಮುಚ್ಚಳ ಹಾಕುವ ಮುನ್ನ ಹಬೆಯ ತೂತನ್ನು ಬೆಳಕಿಗೆ ಹಿಡಿದು ನೋಡಿ. ಬೇಳೆಯ ಒಂದು ಸಿಪ್ಪೆ ಸಾಕು ಅದನ್ನು ಮುಚ್ಚಲು.

ಉಪ್ಪಿನಕಾಯಿಗೆ ಒತ್ತಡ ಏಕೆ ಬೇಡ? ಹುಳಿಯ ಅಳತೆಯಾದ ಪಿ.ಎಚ್. 4.6 ಅಥವಾ ಅದಕ್ಕಿಂತ ಕೆಳಗಿದ್ದರೆ ಬೊಟುಲಿನಂ ಬೆಳೆಯಲಾರದು. ಮಾವು, ನಿಂಬೆ, ನೆಲ್ಲಿಗೆ ತಮ್ಮದೇ ಹುಳಿಯಿದೆ, ಜೊತೆಗೆ ಉಪ್ಪೂ ಬೀಳುತ್ತದೆ. ಟೊಮೆಟೊ ಈ ಗೆರೆಯ ಎರಡೂ ಬದಿಗೆ ಓಲಾಡುವ ಕಾಯಿ. ಅದಕ್ಕೇ ಅರ್ಧ ಲೀಟರಿಗೆ ಒಂದು ದೊಡ್ಡ ಚಮಚ ನಿಂಬೆರಸ ಬೆರೆಸಿ ತುಂಬುತ್ತಾರೆ. ಬ್ಯಾಡಗಿ ಸೀಮೆಯ ಒಣಮೆಣಸಿನಕಾಯಿ, ಹಪ್ಪಳ, ಸಂಡಿಗೆಗಳನ್ನು ಕಾಯುವುದು ಬಿಸಿಲು. ತೇವವೇ ಇಲ್ಲದ ಕಡೆ ಬ್ಯಾಕ್ಟೀರಿಯಾ ಬೆಳೆಯುವುದಿಲ್ಲ. ಹಸಿ ಕೆಂಪು ಮೆಣಸಿನಕಾಯಿಯ ರಂಜಕ ಮಾತ್ರ ಬೇರೆ. ಮೆಣಸಿನಕಾಯಿಗೂ ಬಳ್ಳೊಳ್ಳಿಗೂ ತಮ್ಮದೇ ಹುಳಿ ಸಾಲದು, ರಂಜಕವನ್ನು ಕಾಯುವುದು ಅದಕ್ಕೆ ಹಿಂಡುವ ನಿಂಬೆ, ಹಾಕುವ ಉಪ್ಪು. ಖಾರಕ್ಕೆ ಹೆದರಿ ಬ್ಯಾಕ್ಟೀರಿಯಾ ಓಡುವುದಿಲ್ಲ. ಬಿ.ಪಿ. ಇದೆ, ಹುಳಿ ಆಗದು ಎಂದು ಉಪ್ಪು, ನಿಂಬೆ ಎರಡನ್ನೂ ಕಡಿಮೆ ಮಾಡಿದ ರಂಜಕವನ್ನು ಫ್ರಿಜ್ಜಿನಲ್ಲಿಟ್ಟು ಬೇಗ ಮುಗಿಸಬೇಕು.

ಬಳ್ಳೊಳ್ಳಿಯ ಮಾತಿಗೆ ಇನ್ನೊಂದು. 1985ರಲ್ಲಿ ಕೆನಡಾದ ವ್ಯಾಂಕೂವರಿನ ಹೋಟೆಲೊಂದರಲ್ಲಿ ಉಂಡ 36 ಮಂದಿಗೆ ಬೊಟುಲಿನಂ ವಿಷದಿಂದ ಬರುವ ಕಾಯಿಲೆಯಾದ ಬೊಟುಲಿಸಂ ಬಡಿಯಿತು. ಕಾರಣ ಎಣ್ಣೆಯಲ್ಲಿ ಮುಳುಗಿಸಿ ಫ್ರಿಜ್ಜಿನ ಹೊರಗಿಟ್ಟ ಕೊಚ್ಚಿದ ಬೆಳ್ಳುಳ್ಳಿ. ಎಣ್ಣೆ ಗಾಳಿಯನ್ನು ತಡೆಯುತ್ತದೆ, ಬ್ಯಾಕ್ಟೀರಿಯಾಕ್ಕೆ ಬೇಕಾದದ್ದೂ ಅದೇ.

ನಮ್ಮ ದೇಶದಲ್ಲಿ ಇಂಥದು ಆಗಿಲ್ಲವೇ? 1996ರಲ್ಲಿ ಗುಜರಾತಿನ ವಸತಿ ಶಾಲೆಯೊಂದರ 34 ವಿದ್ಯಾರ್ಥಿಗಳು ಕಾಯಿಲೆ ಬಿದ್ದರು, ಮೂವರು ತೀರಿಕೊಂಡರು. ವಿಜ್ಞಾನಿಗಳ ಅನುಮಾನ ಹೋದದ್ದು ಕಡಲೆಹಿಟ್ಟಿನ ಸೇವಿನ ಮೇಲೆ, ಇದೇ ಬಗೆಯ ವಿಷ ಉಗುಳುವ ಬ್ಯಾಕ್ಟೀರಿಯಾದ ಇನ್ನೊಂದು ಪ್ರಭೇದದ ಮೇಲೆ. ಈ ವಿಷಕ್ಕೆ ವಾಸನೆಯಿಲ್ಲ, ಬಣ್ಣವಿಲ್ಲ. ಬಾಟಲಿಯ ಮುಚ್ಚಳ ಬಿಗಿಯಾಗಿದೆ ಎಂಬುದೂ ಸುರಕ್ಷತೆಯ ಗುರುತಲ್ಲ, ಒಳಗೆ ಗಾಳಿಯಿಲ್ಲ ಎಂಬುದಷ್ಟೇ ಅದರ ಅರ್ಥ. ಸಾಮಾನ್ಯವಾಗಿ ತಿಂದ 12ರಿಂದ 36 ಗಂಟೆಯೊಳಗೆ ಕಣ್ಣಿಗೆ ಒಂದು ಎರಡಾಗಿ ಕಾಣುವುದು, ರೆಪ್ಪೆ ಜೋಲುವುದು, ಮಾತು ತೊದಲುವುದು, ನುಂಗಲು ಆಗದಿರುವುದು ಇದರ ಲಕ್ಷಣ. ಆಗ ಮನೆಮದ್ದಿಗೆ ಕೂರದೆ ಆಸ್ಪತ್ರೆಗೆ ಓಡಬೇಕು, ಮುಂದಿನ ಹಂತದಲ್ಲಿ ಉಸಿರಾಟವೇ ನಿಲ್ಲಬಹುದು. ಬೀಜಕಣಗಳು ಕುದಿತಕ್ಕೆ ಬಗ್ಗದಿದ್ದರೂ ವಿಷ ಬಗ್ಗುತ್ತದೆ. ಮನೆಯಲ್ಲಿ ತುಂಬಿದ ತರಕಾರಿ ಬಾಟಲಿಯನ್ನು ತೆರೆದ ಮೇಲೆ ನಮ್ಮ ಎತ್ತರದಲ್ಲಿ 12 ನಿಮಿಷ ಕುದಿಸಿಯೇ ತಿನ್ನುವುದು ಹೆಚ್ಚುವರಿ ಎಚ್ಚರ. ಒತ್ತಡ ತಪ್ಪಿದ್ದು ಗೊತ್ತಿರುವ ಬಾಟಲಿಯನ್ನು ಹೀಗೆ ಕುದಿಸಿ ಉಳಿಸಿಕೊಳ್ಳಲು ಹೋಗಬಾರದು, ಎಸೆಯಬೇಕು.

ಅಂಗಡಿಯಲ್ಲಿ ಸಿಗುವ, ಕತ್ತರಿಸಿ ಬಿಸಿ ಮಾಡಿ ತಿನ್ನುವ ಪಲ್ಯ, ಪಲಾವಿನ ಪೊಟ್ಟಣಗಳಿಗೂ ಇದೇ ವಿಜ್ಞಾನ. ಮೈಸೂರಿನಲ್ಲಿ 1950ರಲ್ಲಿ ಚೆಲುವಾಂಬಾ ವಿಲಾಸದಲ್ಲಿ ತೆರೆದ ಸಿ.ಎಫ್.ಟಿ.ಆರ್.ಐ., 1961ರಲ್ಲಿ ಸೈನಿಕರ ಆಹಾರಕ್ಕಾಗಿ ಹುಟ್ಟಿದ ಡಿ.ಎಫ್.ಆರ್.ಎಲ್. ಎರಡೂ ಆಹಾರ ಕೆಡದಂತೆ ಕಾಯುವ ವಿದ್ಯೆಯನ್ನು ಬೆಳೆಸಿದ ಮನೆಗಳು. ಕಾರ್ಖಾನೆಯವರು ಪೊಟ್ಟಣದ ನಡುಮಧ್ಯಕ್ಕೇ ಉಷ್ಣಮಾಪಕದ ತಂತಿ ಇಳಿಸಿ ಬಿಸಿ ಅಳೆಯುತ್ತಾರೆ. ಮನೆಯಲ್ಲಿ ಆ ಸೌಕರ್ಯವಿಲ್ಲ, ಆದ್ದರಿಂದಲೇ ಬರೆದಿಟ್ಟ ನಿಮಿಷ, ಪೌಂಡುಗಳನ್ನು ಅರ್ಧ ಅಂಕಿಯೂ ಕಡಿಮೆ ಮಾಡದೆ ಪಾಲಿಸಬೇಕು.

ಈ ಒತ್ತಡದ ಲೆಕ್ಕ ಕಲಿಯಲು ನಮ್ಮ ಜೋಳವೇ ಮೇಷ್ಟ್ರು ಎಂದರೆ ನಂಬುತ್ತೀರಾ? ಅಣಬೆ ಬೀಜ ತಯಾರಿಸುವವರು ಅರೆಬೆಂದ ಜೋಳವನ್ನು ಚೀಲಕ್ಕೆ ತುಂಬಿ, ಇದೇ ರೀತಿ ಗಾಳಿ ಹೊರಹಾಕಿ, ಒತ್ತಡದಲ್ಲಿ ಒಂದೂವರೆ ಎರಡು ಗಂಟೆ ಕಾಯಿಸುತ್ತಾರೆ. ಒತ್ತಡವೋ ಹೊತ್ತೋ ಕಡಿಮೆಯಾದರೆ ಕೆಲವೇ ದಿನದಲ್ಲಿ ಚೀಲದಲ್ಲಿ ಹಸಿರು ಬೂಷ್ಟು ಏಳುತ್ತದೆ, ಇಲ್ಲವೇ ಕಾಳು ಹುಳಿ ನಾರುತ್ತದೆ. ತಪ್ಪು ಕಣ್ಣಿಗೆ ಕಾಣುತ್ತದೆ, ಮೂಗಿಗೆ ಹೊಡೆಯುತ್ತದೆ. ಬೀನ್ಸಿನ ಬಾಟಲಿ ಹೀಗೆ ತಿದ್ದುವುದಿಲ್ಲ.

ಹೊಸ ಕ್ಯಾನರ್ ತಂದವರು ಮೊದಲ ಸಲ ಬಾಟಲಿ ಇಡದೆ ಬರೀ ನೀರು ಹಾಕಿ ನಡೆಸಿ ನೋಡುವುದು ಒಳ್ಳೆಯ ಪದ್ಧತಿ. ಎರಡು ಮೂರು ಇಂಚು ನೀರು, 10 ನಿಮಿಷ ಹಬೆ, ಆಮೇಲೆ ಗುಂಡು. ಒತ್ತಡ ಏರಿದ ಮೇಲೆ ಒಲೆಯ ತಿರುಪನ್ನು ಎಲ್ಲಿ ನಿಲ್ಲಿಸಿದರೆ ಗುಂಡು ಒಂದೇ ಹದದಲ್ಲಿ ಆಡುತ್ತದೆ ಎಂದು ನೋಡಿ, ಅಲ್ಲೊಂದು ಗುರುತು ಹಾಕಿ. ಅಲ್ಲೇ 55 ನಿಮಿಷ ನಡೆಸಿ. ಮುಗಿದ ಮೇಲೆ ಎಷ್ಟು ನೀರು ಉಳಿದಿದೆ ಎಂದು ಅಳೆಯಿರಿ. ರಬ್ಬರಿನ ಸುತ್ತ ಹಬೆ ಸೋರಿತೇ, ಗುಂಡು ನಡುವೆ ಮೌನವಾಯಿತೇ ಎಂಬುದೂ ಆಗಲೇ ತಿಳಿಯುತ್ತದೆ. ರಾಣೆಬೆನ್ನೂರು ತಾಲ್ಲೂಕಿನ ಹನುಮನಮಟ್ಟಿಯಲ್ಲಿ ಧಾರವಾಡ ಕೃಷಿ ವಿಶ್ವವಿದ್ಯಾಲಯದ ಕೃಷಿ ಕಾಲೇಜು, ಕೃಷಿ ವಿಜ್ಞಾನ ಕೇಂದ್ರ ಎರಡೂ ಇವೆ. ಯಾವ ತರಕಾರಿಗೆ ಎಷ್ಟು ಹುಳಿ, ಯಾವುದನ್ನು ಒಣಗಿಸಬೇಕು, ಯಾವುದನ್ನು ಬಾಟಲಿಗೆ ತುಂಬಬಹುದು ಎಂದು ಕೇಳಲು ಹಲಗೇರಿಯವರಿಗೆ ಹತ್ತಿರದ ಬಾಗಿಲು ಅದು.